ದೇವಿಮನೆ ಘಟ್ಟ ಹತ್ತುವ ಹಳೇ 1210 ಲಾರಿಗೆ ಯಾವ ರೇಡಿಯೇಟರ್ ಫ್ಯಾನ್ ಹಾಕೋದು?

ಶಿರಸಿ ಬದಿಯವ:
ಎಲ್ಲರಿಗೂ ನಮಸ್ಕಾರ. ಅಪ್ಪ ಓಡಿಸುತ್ತಿದ್ದ ಟಾಟಾ 1210 ಎಸ್‌ಇ ಲಾರಿ ಇನ್ನೂ ನಮ್ಮ ಮನೆಯಲ್ಲಿದೆ. ಬಾಡಿಗೆಗೆ ಬಿಡುವುದಿಲ್ಲ. ಕುಮಟಾಕ್ಕೆ ಇಳಿದು ಹಂಚು, ತೆಂಗಿನಕಾಯಿ ತರಲಿಕ್ಕೆ ಅಷ್ಟೇ. ಬಯಲಿನಲ್ಲಿ ಏನೂ ತೊಂದರೆ ಇಲ್ಲ, ಇಂಜಿನ್ ಬಿಸಿ ತೋರಿಸುವ ಮೀಟರಿನ ಮುಳ್ಳು ನಡುವೆ ನಿಂತಿರುತ್ತದೆ. ಕತಗಾಲ ದಾಟಿ ಘಟ್ಟ ಶುರುವಾಯಿತು ಅಂದರೆ ಸೆಕೆಂಡ್ ಗೇರಿನಲ್ಲಿ ಹತ್ತುವಾಗ ಮುಳ್ಳು ಮೇಲೇರುತ್ತದೆ. ದೇವಿಮನೆ ದೇವಸ್ಥಾನದ ಹತ್ತಿರ ನಿಲ್ಲಿಸಿ ಇಂಜಿನ್ ಸುಮ್ನೆ ಓಡಲಿಕ್ಕೆ ಬಿಟ್ಟರೆ ಮತ್ತೆ ಇಳಿಯುತ್ತದೆ.

ಈಗಿರುವುದು ನಾಲ್ಕು ರೆಕ್ಕೆಯ ತಗಡಿನ ಫ್ಯಾನ್. ಒಂದು ರೆಕ್ಕೆಯಲ್ಲಿ ರಿವಿಟಿನ ಹತ್ತಿರ ಬಿರುಕು ಕಾಣುತ್ತಿದೆ, ಹಾಗಾಗಿ ಹೇಗೂ ಬದಲಿಸಲೇಬೇಕು. ಅದೇ ನಾಲ್ಕು ರೆಕ್ಕೆಯದು ಹಾಕಲೋ, ಆರು ರೆಕ್ಕೆಯದೋ, ಅಥವಾ ಕಾರಿನ ಕರೆಂಟ್ ಫ್ಯಾನೋ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಕಾರವಾರದ ಜೀಪು:
ಕರೆಂಟ್ ಫ್ಯಾನೇ ಹಾಕಿ ಸಾರ್. ನನ್ನ ಪೆಟ್ರೋಲ್ ಜೀಪಿಗೆ ಹಾಕಿಸಿದ್ದೇನೆ. ಮೊದಲು ಕಾರವಾರ ಪೇಟೆಯಲ್ಲಿ ಭಾನುವಾರದ ಸಂತೆ ದಿನ ಸಿಕ್ಕಿಬಿದ್ದರೆ ಕುದಿಯುತ್ತಿತ್ತು. ಈಗ ಆ ಚಿಂತೆ ಇಲ್ಲ. ಸದ್ದೂ ಕಡಿಮೆ, ಇಂಜಿನ್ನಿಗೂ ಹಗುರ.

ಕುಮಟೆಯ ಹಳೇ ಡ್ರೈವರ್:
ಜೀಪಿನವರು ಹೇಳಿದ್ದು ಜೀಪಿಗೆ ಸರಿ. ಲಾರಿಗೆ ಆಗುವುದಿಲ್ಲ ಮಾರಾಯ್ರೇ. ಆ ಘಟ್ಟವನ್ನು ಲೋಡ್ ಹಾಕಿಕೊಂಡು ಹತ್ತಿ ಹತ್ತಿ ಕೂದಲು ಬೆಳ್ಳಗಾದವನು ನಾನು. ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಪೆಟ್ರೋಲ್ ಜೀಪು ನಿಂತಲ್ಲೇ ಬಿಸಿಯಾಗುತ್ತದೆ. ಡೀಸೆಲ್ ಇಂಜಿನ್ ನಿಂತಾಗ ಹೆಚ್ಚು ಬಿಸಿ ಹುಟ್ಟಿಸುವುದೇ ಇಲ್ಲ. ನಿಮ್ಮ ಗಾಡಿ ದೇವಸ್ಥಾನದ ಹತ್ತಿರ ತಣ್ಣಗಾಗುವುದು ಅದಕ್ಕೇ. ಅದಕ್ಕೆ ಕಷ್ಟ ಬರುವುದು ತಿರುವಿನಲ್ಲಿ. ಗಾಡಿ ಮನುಷ್ಯ ಓಡುವಷ್ಟು ನಿಧಾನ, ಎದುರಿನಿಂದ ಗಾಳಿ ಇಲ್ಲ, ಇಂಜಿನ್ ಮಾತ್ರ ಪೂರ್ತಿ ದುಡಿಯುತ್ತಿದೆ. ಆ ಹೊತ್ತಿಗೆ ಬೆಲ್ಟಿನ ಫ್ಯಾನೂ ಇಂಜಿನ್ ಜೊತೆಗೇ ಜೋರಾಗಿ ತಿರುಗುತ್ತಿರುತ್ತದೆ. ಗಾಳಿ ಬೇಕಾದಲ್ಲೇ ಗಾಳಿ. ಕಾರಿನ 12 ಇಂಚಿನ ಕರೆಂಟ್ ಫ್ಯಾನು ಲಾರಿ ರೇಡಿಯೇಟರಿನ ಎದುರು ಒಂದು ಮೂಲೆಗೂ ಸಾಲದು. ಎರಡು ಹಾಕುತ್ತೇನೆ ಅಂದರೆ ಒಂದೊಂದೂ ಸುಮಾರು 10 ಆಂಪಿಯರ್ ಎಳೆಯುತ್ತದೆ. ರಾತ್ರಿ, ಮಳೆ, ಹೆಡ್‌ಲೈಟ್, ವೈಪರ್ ಎಲ್ಲ ಸೇರಿದರೆ ಹಳೇ ಡೈನಮೋ ಏನು ಮಾಡೀತು? ಕಾರಿನದ್ದು 12 ವೋಲ್ಟ್. ನಿಮ್ಮ ಗಾಡಿ 24 ಆಗಿದ್ದರೆ ಆ ಮಾತೇ ಮುಗಿಯಿತು.

ವಿಸ್ಕಸ್ ಫ್ಯಾನ್ ಹಾಕಿ ಅಂತಲೂ ಯಾರಾದರೂ ಹೇಳಬಹುದು. ಒಳಗೆ ಸಿಲಿಕೋನ್ ಎಣ್ಣೆ, ಮುಂದೆ ಒಂದು ಸುರುಳಿ ಪಟ್ಟಿ. ರೇಡಿಯೇಟರಿನಿಂದ ಬರುವ ಗಾಳಿ ಬಿಸಿಯಾದಾಗ ಆ ಪಟ್ಟಿ ತಿರುಗಿ ಎಣ್ಣೆಗೆ ದಾರಿ ಬಿಡುತ್ತದೆ, ಫ್ಯಾನ್ ಜೋರಾಗುತ್ತದೆ. ಒಳ್ಳೆಯದೇ. ಆದರೆ ಅದು ದಪ್ಪ, ನಿಮ್ಮಲ್ಲಿ ನೀರಿನ ಪಂಪಿಗೂ ರೇಡಿಯೇಟರಿನ ಕೋರಿಗೂ (ನೀರು ತಣಿಯುವ ನಡುಭಾಗ) ನಡುವೆ ಅಷ್ಟು ಜಾಗ ಇರಲಿಕ್ಕಿಲ್ಲ.

ಫ್ಯಾನ್ ತರುವ ಮೊದಲು ಮೂರು ಮಾತು ಹೇಳಿ. ಇಂಜಿನ್ 692ವೋ 697ವೋ? 692 ಅಂದರೆ 92 ಮಿ.ಮೀ. ಬೋರು (ಸಿಲಿಂಡರಿನ ಒಳ ಅಡ್ಡಳತೆ), ಸುಮಾರು 4.8 ಲೀಟರ್. 697 ಸುಮಾರು 5.7. ದೊಡ್ಡ ಇಂಜಿನ್ ಕೂರಿಸಿ ಹಳೇ ರೇಡಿಯೇಟರನ್ನೇ ಬಿಟ್ಟ ಗಾಡಿಗಳಿಗೆ ಯಾವ ಫ್ಯಾನೂ ಸಾಲುವುದಿಲ್ಲ. ಎರಡನೆಯದು, ಫ್ಯಾನಿನ ಸುತ್ತ ತಗಡಿನ ಶ್ರೌಡ್, ಅಂದರೆ ದುಂಡು ಮರೆ, ಇದೆಯೋ? ಮೂರನೆಯದು, ಇಂಜಿನ್ ಓಡುವಾಗ ರೇಡಿಯೇಟರಿನ ಮುಂಬದಿಗೆ ಒಂದು ಹಾಳೆ ಹಿಡಿದು ನೋಡಿ. ಎಲ್ಲೆಲ್ಲಿ ಅಂಟುತ್ತದೆ, ಎಲ್ಲಿ ಬೀಳುತ್ತದೆ? ಆದರೆ ಮೊದಲು ಆ ಬಿರುಕು ಬಿಟ್ಟ ಫ್ಯಾನ್ ತೆಗೆದು ಯಾರದ್ದಾದರೂ ಸರಿಯಾದದ್ದು ಹಾಕಿಕೊಂಡು ನೋಡಿ. ಬಿರುಕಿನ ರೆಕ್ಕೆ ಹಾರಿದರೆ ಬಾನೆಟ್ಟನ್ನೂ ಸೀಳುತ್ತದೆ. ವೆಲ್ಡಿಂಗ್ ಮಾಡಿಸುವ ಯೋಚನೆ ಬೇಡವೇ ಬೇಡ, ತೂಕ ಹೆಚ್ಚುಕಡಿಮೆಯಾಗಿ ಪಂಪಿನ ಬೇರಿಂಗ್ ತಿನ್ನುತ್ತದೆ.

ಶಿರಸಿ ಬದಿಯವ:
ಗೆಳೆಯನ ಗುಜರಿ ಗಾಡಿಯಿಂದ ನಾಲ್ಕು ರೆಕ್ಕೆಯದೊಂದು ತಂದು ಹಾಕಿ ನೋಡಿದೆ. ಇಂಜಿನ್ 692. ಹಾಳೆ ನಡುವೆ ಗಟ್ಟಿಯಾಗಿ ಅಂಟುತ್ತದೆ, ನಾಲ್ಕೂ ಮೂಲೆಯಲ್ಲಿ ಬೀಳುತ್ತದೆ. ಶ್ರೌಡ್ ಇಲ್ಲ! ರೇಡಿಯೇಟರ್ ರಿಪೇರಿಗೆ ಬಿಚ್ಚಿದಾಗ ಗ್ಯಾರೇಜಿನವರು ವಾಪಸ್ ಹಾಕಲಿಲ್ಲವಂತೆ. ಅಮ್ಮನನ್ನು ಕೇಳಿದರೆ, ಅಡಿಕೆ ಅಟ್ಟದ ಕೆಳಗೆ ಒಂದು ದುಂಡು ತಗಡು ಇದೆ, ಕೋಳಿ ಮುಚ್ಚಲಿಕ್ಕೆ ಪಕ್ಕದ ಮನೆಯವರು ಒಯ್ದು ತಂದಿಟ್ಟಿದ್ದಾರೆ ಅಂದಳು. ಅದೇ ಇರಬೇಕು. ಒಂದು ಕಡೆ ತುಕ್ಕು ಹಿಡಿದಿದೆ.

ಕುಮಟೆಯ ಹಳೇ ಡ್ರೈವರ್:
ಅಲ್ವಾ! ಶ್ರೌಡ್ ಇಲ್ಲದೆ ಫ್ಯಾನು ಎದುರಿನ ಗಾಳಿ ಎಳೆಯುವ ಬದಲು ಹಿಂದಿನ ಬಿಸಿ ಗಾಳಿಯನ್ನೇ ಸುತ್ತಿಸುತ್ತದೆ. ಮೂಲೆಗಳು ಸುಮ್ನೆ ಇರುತ್ತವೆ. ತುಕ್ಕಿನ ಕಡೆ ತೇಪೆ ಹಾಕಿಸಿ, ಕೋಳಿಗೆ ಬೇರೆ ಏನಾದರೂ ಹುಡುಕಿ. ರೆಕ್ಕೆಯ ಅಗಲದಲ್ಲಿ ಅರ್ಧ ಶ್ರೌಡಿನ ಒಳಗೆ, ಅರ್ಧ ಹೊರಗೆ ಇರಬೇಕು. ಸುತ್ತ ಒಂದು ಇಂಚಿನಷ್ಟು ಸಂದು ಬಿಡಿ. ಹೊಂಡಕ್ಕೆ ಬಿದ್ದಾಗ ಇಂಜಿನ್ ಅಲುಗುತ್ತದೆ, ಮೌಂಟಿಂಗ್ ರಬ್ಬರ್ ಹಳತಾಗಿದ್ದರೆ ಇನ್ನೂ ಜಾಸ್ತಿ.

ಅದರ ಮೇಲೆ ಆರು ರೆಕ್ಕೆಯದು ಹಾಕುವುದಾದರೆ ಹಾಕಿ, ನನ್ನ ಒಪ್ಪಿಗೆ ಇದೆ. ಆದರೆ ಪುಲ್ಲಿ ಚಿಕ್ಕದು ಮಾಡಿಸಿ ಫ್ಯಾನ್ ವೇಗ ಹೆಚ್ಚಿಸುವ ಕೆಲಸಕ್ಕೆ ಹೋಗಬೇಡಿ. ವೇಗ ಎರಡು ಪಟ್ಟಾದರೆ ಗಾಳಿ ಎರಡು ಪಟ್ಟು ಬಂದೀತು, ಅದು ತಿನ್ನುವ ಶಕ್ತಿ ಎಂಟು ಪಟ್ಟಾಗುತ್ತದೆ. ಘಟ್ಟ ಹತ್ತಲಿಕ್ಕೆ ಏನು ಉಳಿಯಿತು ಮತ್ತೆ?

ಕೊಳ್ಳುವಾಗ ಹಳೇ ಫ್ಯಾನನ್ನು ಜೊತೆಗೇ ಒಯ್ಯಿರಿ. ನಡುವಿನ ತೂತು, ಬೋಲ್ಟಿನ ಅಂತರ, ಅಡ್ಡಳತೆ, ತಿರುಗುವ ದಿಕ್ಕು ನಾಲ್ಕೂ ಕೂಡಬೇಕು. ಹಿಂದುಮುಂದಾಗಿ ಕೂರಿಸಿದರೂ ಗಾಳಿ ಅದೇ ಕಡೆ ಬರುತ್ತದೆ, ಕಡಿಮೆ ಬರುತ್ತದೆ ಅಷ್ಟೇ. ಹಾಗಾಗಿ ತಪ್ಪು ಯಾರಿಗೂ ತಿಳಿಯುವುದಿಲ್ಲ. ರೆಕ್ಕೆಯ ಒಳಬಾಗಿದ ಬದಿ ಇಂಜಿನ್ ಕಡೆಗಿರಲಿ.

ಇನ್ನೊಂದು. ಘಟ್ಟದಲ್ಲಿ ರಸ್ತೆ ಕೆಲಸ ಶುರುವಾದಾಗಿನಿಂದ ಆ ಕೆಂಪು ಧೂಳು ಎಲ್ಲರ ರೇಡಿಯೇಟರಿನಲ್ಲೂ ಕೂತಿದೆ. ಎಣ್ಣೆ ಪಸೆ ಸೇರಿದರೆ ಮಣ್ಣು ಮೆತ್ತಿದ ಹಾಗೆ ಗಟ್ಟಿಯಾಗುತ್ತದೆ. ಇಂಜಿನ್ ಬದಿಯಿಂದ ಹೊರಗೆ ನೀರು ಹಾಯಿಸಿ ತೊಳೆಯಿರಿ. ಪ್ರೆಷರ್ ಜಾಸ್ತಿ ಬೇಡ, ರೇಡಿಯೇಟರಿನ ತೆಳು ರೇಕುಗಳು ಮಡಚುತ್ತವೆ.

ಅಂಕೋಲೆ ತಂಗಿ:
ನಡುವೆ ಬಾಯಿ ಹಾಕುತ್ತೇನೆ ಅಣ್ಣಾ. ನಮ್ಮ ಮನೆಯ ಟೆಂಪೋಕ್ಕೆ ಗಜನಿ (ಉಪ್ಪುನೀರು ನುಗ್ಗುವ ಗದ್ದೆ) ಬದಿಯ ಬಾವಿ ನೀರು ಹಾಕಿ ಹಾಕಿ ರೇಡಿಯೇಟರ್ ಒಳಗೆ ತಿಂದುಹೋಗಿತ್ತು. ಕುಮಟಾಕ್ಕೆ ಇಳಿದಾಗ ಸಿಕ್ಕಲ್ಲಿ ನೀರು ತುಂಬಬೇಡಿ, ಅಲ್ಲಿ ಎಷ್ಟೋ ಬಾವಿ ಉಪ್ಪು. ಕೂಲೆಂಟ್ ಬೆರೆಸಿದ್ದನ್ನು ಕ್ಯಾನಿನಲ್ಲಿ ಒಯ್ಯಿರಿ.

ಶಿರಸಿ ಬದಿಯವ:
ಶ್ರೌಡ್ ತೇಪೆಗೆ ಕೊಟ್ಟಿದ್ದೇನೆ. ಥರ್ಮೋಸ್ಟಾಟ್ (ಇಂಜಿನ್ ನೀರು ಬಿಸಿಯಾದ ಮೇಲೆ ರೇಡಿಯೇಟರಿಗೆ ದಾರಿ ಬಿಡುವ ಕವಾಟ) ಕಿತ್ತು ಬಿಸಾಡು ಅಂತ ಇಲ್ಲಿನ ಮೇಸ್ತ್ರಿ ಹೇಳುತ್ತಾರೆ. ಮಾಡಬಹುದೋ?

ಕುಮಟೆಯ ಹಳೇ ಡ್ರೈವರ್:
ಬೇಡ. ಬಿಸಿ ನೀರಿನ ಪಾತ್ರೆಯಲ್ಲಿ ಅದನ್ನು ತೂಗಿಬಿಟ್ಟು ನೋಡಿ, ಕುದಿ ಬರುವ ಮೊದಲೇ ತೆರೆದುಕೊಳ್ಳಬೇಕು. ತೆರೆಯದಿದ್ದರೆ ಹೊಸದು ಹಾಕಿ. ಕಿತ್ತರೆ ಚಳಿಗಾಲದ ಬೆಳಗ್ಗೆ ಶಿರಸಿಯಲ್ಲಿ ಇಂಜಿನ್ ಬಿಸಿಯಾಗಲಿಕ್ಕೇ ತಡ, ಡೀಸೆಲ್ ಸರಿಯಾಗಿ ಉರಿಯುವುದಿಲ್ಲ, ಬೋರೂ ಬೇಗ ಸವೆಯುತ್ತದೆ. ಮಳೆಗಾಲದಲ್ಲಿ ರಸ್ತೆ ಮೇಲೆ ಹಳ್ಳ ಹರಿಯುತ್ತಿದ್ದರೆ ಫ್ಯಾನ್ ಮುಳುಗುವಷ್ಟು ನೀರಿಗೆ ಇಳಿಸಬೇಡಿ. ನೀರಿನಲ್ಲಿ ರೆಕ್ಕೆ ಮುಂದಕ್ಕೆ ಬಾಗಿ ಕೋರನ್ನೇ ಕೊರೆಯುತ್ತದೆ. ದಾಟಲೇಬೇಕು ಅಂದರೆ ಬೆಲ್ಟ್ ಬಿಚ್ಚಿ ನಿಧಾನವಾಗಿ ದಾಟಿ. ಆಚೆ ದಡದಲ್ಲಿ ಬೆಲ್ಟ್ ಹಾಕಿದ ಮೇಲೆಯೇ ಮುಂದೆ ಹೊರಡಿ.