“ವಯಸ್ಸಾತು ಬಿಡು” ಅನ್ನೋದನ್ನ ಎಲ್ಲೀತನ ನಂಬಬೇಕು?

ಪ್ರಶ್ನೆ (ಊರು ಕಾರಟಗಿ ಕಡೆ, ನೌಕರಿ ಬಳ್ಳಾರಿಯಲ್ಲಿ)

ನನಗೆ 48, ಅಪ್ಪಗೆ 73. ಅವ್ವ ತೀರಿಕೊಂಡ ಮೇಲೆ ಅಪ್ಪ ಊರಾಗ ಅಣ್ಣನ ಮನ್ಯಾಗ ಅದಾರ. ಇತ್ತೀಚೆಗೆ ಕಟ್ಟಿಗೆ ಹೋಗಿ ಕೂಡೋದು ಬಿಟ್ಟಾರ. ಮಾತು ಕಡಿಮಿ, ಟಿವಿ ಸಪ್ಪಳ ಮಾತ್ರ ಓಣಿಗೆಲ್ಲ ಕೇಳ್ತದ. ರೊಟ್ಟಿ ಬಿಟ್ಟು ಬರೇ ಅನ್ನ, ಚಹಾ. ಮಂದಿ ಹೆಸರು ಮರೀತಾರ, ಹಳೇ ಕಥಿ ಮಾತ್ರ ಹೇಳಿದ್ದೇ ಹೇಳ್ತಾರ. ಮೊಣಕಾಲು, ಬೆನ್ನು ನೋವು. ಇತ್ತ ನನಗೂ ಮುಟ್ಟು ಹೆಚ್ಚುಕಡಿಮಿ ಆಗ್ಯದ, ನಡುರಾತ್ರಿ ಎಚ್ಚರ ಆದ್ರ ಮತ್ತ ನಿದ್ದಿ ಇಲ್ಲ, ಸಣ್ಣದಕ್ಕೂ ಸಿಟ್ಟು. ಇಬ್ಬರಿಗೂ ಎಲ್ಲಾರೂ ಹೇಳೋದು ಒಂದೇ: ವಯಸ್ಸಾತು ಬಿಡು. ಯಾವುದನ್ನ ಬಿಡಬೇಕು, ಯಾವುದನ್ನ ತೋರಿಸಬೇಕು? ಅನುಭವ ಇದ್ದವರು ಹೇಳ್ರಿ.

ಸಿಂಧನೂರಿನಿಂದ, ಮಾವನವರನ್ನು ನೋಡಿಕೊಂಡ ಸೊಸೆ

ಮೊದಲು ಕಿವಿ ತೋರಿಸ್ರಿ. ನಮ್ಮ ಮಾವನೋರೂ ಹಿಂಗ ಮೌನ ಆಗಿದ್ರು. ಅತ್ತಿ ಹೋದ ದುಃಖ ಅಂತ ನಾವೆಲ್ಲ ತಿಳ್ಕೊಂಡಿದ್ವಿ. ಪರೀಕ್ಷೆ ಮಾಡಿಸಿದಾಗ ಗೊತ್ತಾತು, ಎರಡೂ ಕಿವಿ ಮಂದ ಆಗಿದ್ವು. ವಯಸ್ಸಿನ ಕಿವುಡುತನದಾಗ ಮೊದಲು ಹೋಗೋದು ಸಣ್ಣ, ಚೂಪು ದನಿ. ಅದಕ್ಕ ಹೆಣ್ಣುಮಕ್ಕಳ, ಮೊಮ್ಮಕ್ಕಳ ಮಾತು ತಿಳಿಯೂದಿಲ್ಲ, ಸ, ಫ, ತ ಅಕ್ಷರ ಬಿಟ್ಟುಹೋಗ್ತಾವ. ದನಿ ಕೇಳ್ತದ, ಮಾತು ಬಿಡಿಸೂದಿಲ್ಲ. ನಾಲ್ಕು ಮಂದಿ ಒಮ್ಮೆಲೆ ಮಾತಾಡೋ ಕಟ್ಟಿ ಮ್ಯಾಲೆ ಇನ್ನೂ ಕಷ್ಟ, ಹಿಂಗಾಗಿ ಹೋಗೋದನ್ನೇ ಬಿಡ್ತಾರ. ಕಿವಿ ಮಶೀನು ಹಾಕಿದ ಮೊದಮೊದಲು ಕಿರಿಕಿರಿ ಅಂತ ತೆಗೆದಿಡ್ತಾರ. ದಿನಾ ಸ್ವಲ್ಪ ಸ್ವಲ್ಪ ರೂಢಿ ಮಾಡಿಸಬೇಕು. ಒದರಬ್ಯಾಡ್ರಿ, ಮುಂದ ಕುಂತು ಮುಖ ನೋಡಿ ನಿಧಾನ ಮಾತಾಡ್ರಿ. ಬಡತನದ ಮನಿಯಾದ್ರ 60 ದಾಟಿದವರಿಗೆ 2017ರಿಂದ ರಾಷ್ಟ್ರೀಯ ವಯೋಶ್ರೀ ಯೋಜನೆ ಅದ, ಕಿವಿ ಮಶೀನು, ಚಾಳೀಸು, ಊರುಗೋಲು ಅದರಾಗ ಬರ್ತಾವ.

ರಾಯಚೂರಿನಿಂದ, ನಿವೃತ್ತ ಸ್ಟಾಫ್ ನರ್ಸ್

ಮರೆವಿನ ವಿಷಯ ಹೇಳುತ್ತೇನೆ, ಯಾಕೆಂದರೆ ಜನ ಹೆಚ್ಚು ಹೆದರುವುದೂ, ಹೆಚ್ಚು ತಡ ಮಾಡುವುದೂ ಇದರಲ್ಲೇ. ಹೆಸರು ಆ ಕ್ಷಣಕ್ಕೆ ಬಾರದೆ ಸಂಜೆ ಹೊತ್ತಿಗೆ ತಾನಾಗಿ ನೆನಪಾದರೆ ಅದು ವಯಸ್ಸು. ದಿನಾ ಓಡಾಡಿದ ಓಣಿಯಲ್ಲಿ ದಾರಿ ತಪ್ಪಿದರೆ, ಜೀವನಪೂರ್ತಿ ಮಾಡಿದ ಲೆಕ್ಕ ಬಾರದಿದ್ದರೆ, ಸ್ವಭಾವವೇ ಬದಲಾದರೆ ತೋರಿಸಲೇಬೇಕು. ಹಾಗೆ ತೋರಿಸಿದವರಿಗೆಲ್ಲ ವಾಸಿಯಾಗದ ಮರೆವಿನ ರೋಗವೇ ಇರುತ್ತದೆ ಅಂತಲ್ಲ. ಥೈರಾಯ್ಡ್ ಕಡಿಮೆಯಾದರೂ, ಬಿ12 ಕೊರತೆಯಾದರೂ, ಖಿನ್ನತೆಯಿದ್ದರೂ ಹೀಗೇ ಕಾಣುತ್ತದೆ, ಇವಕ್ಕೆಲ್ಲ ಔಷಧಿ ಇದೆ. ಮಾಂಸ, ಮೊಟ್ಟೆ ತಿನ್ನದ ಮನೆಗಳಲ್ಲಿ ಬಿ12 ಕೊರತೆ ಸಾಮಾನ್ಯ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗಿದವರಲ್ಲೂ ಅದು ಇಳಿಯುತ್ತದೆ.

ಇನ್ನು ಒಂದೆರಡು ದಿನದಲ್ಲೇ ತಲೆ ಕೆಟ್ಟವರಂತೆ ಮಾತಾಡಿದರೆ ಅದು ಮುಪ್ಪು ಅಲ್ಲವೇ ಅಲ್ಲ. ಮೂತ್ರದ ಸೋಂಕೋ, ರಕ್ತದಲ್ಲಿನ ಸೋಡಿಯಂ (ಉಪ್ಪಿನಂಶ) ಇಳಿದದ್ದೋ ಇರಬಹುದು, ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು. ವಯಸ್ಸಾದಂತೆ ಬಾಯಾರಿಕೆಯೇ ಕಡಿಮೆ ಗೊತ್ತಾಗುತ್ತದೆ. ನಮ್ಮ ಕಡೆ ಏಪ್ರಿಲ್, ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಮೇಲೆ ನೀರಿಳಿಸುವ ಬಿಪಿ ಮಾತ್ರೆ ಬೇರೆ. ಕೇಳಿ ಕೊಡುವುದಲ್ಲ, ಹೊತ್ತಿಗೆ ಸರಿಯಾಗಿ ಕೈಗೇ ನೀರು, ಮಜ್ಜಿಗೆ ಕೊಡಬೇಕು. ಹೃದಯ, ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ಎಷ್ಟು ಕುಡಿಯಬೇಕೆಂದು ಡಾಕ್ಟರನ್ನು ಕೇಳಬೇಕು.

ಅಂದಹಾಗೆ, ರೊಟ್ಟಿ ಯಾಕೆ ಬಿಟ್ಟರು ಅಂತ ಅವರ ಬಾಯಿ ತೆರೆಸಿ ನೋಡಿ. ಹಲ್ಲು ಸಡಿಲಾಗಿರುತ್ತದೆ, ಮಾನಕ್ಕೆ ಅಂಜಿ ಹೇಳುವುದಿಲ್ಲ. ರೊಟ್ಟಿಯ ಜೊತೆ ಬೇಳೆ, ಕಾಳುಪಲ್ಯ, ಶೇಂಗಾ ಚಟ್ನಿ ಎಲ್ಲವೂ ಹೋಗುತ್ತದೆ. ಮೂವತ್ತರ ನಂತರ ದಶಕಕ್ಕೆ ಸುಮಾರು ನೂರಕ್ಕೆ 3ರಿಂದ 8ರಷ್ಟು ಮಾಂಸಖಂಡ ಹೇಗೂ ಕರಗುತ್ತದೆ, ಅರವತ್ತರ ಮೇಲೆ ಇನ್ನೂ ಬೇಗ. ಬರೀ ಅನ್ನ, ಚಹಾ ಆದರೆ ಕುರ್ಚಿಯಿಂದ ಕೈ ಊರದೆ ಏಳಲಾಗದ ಸ್ಥಿತಿ ಬರುತ್ತದೆ, ಆಮೇಲೆ ಬೀಳುವುದು. ರೊಟ್ಟಿಯನ್ನು ಬೇಳೆಯಲ್ಲಿ ಮುರಿದು ನೆನೆಸಿ ಕೊಡಿ. ಕುರ್ಚಿಯಿಂದ ಎದ್ದು ಕೂರುವುದನ್ನೇ ದಿನಾ ಮಾಡಿಸಿ, ಎಪ್ಪತ್ತರ ಮೇಲೂ ಮಾಂಸಖಂಡ ಬಲಿಯುತ್ತದೆ.

ಕುಷ್ಟಗಿ ತಾಲ್ಲೂಕಿನಿಂದ, ರೈತ

ನೋವಿನ ಬಗ್ಗೆ ಯಾರೂ ಹೇಳಲಿಲ್ಲ. ಅಪ್ಪ ಇಷ್ಟು ವರ್ಷ ಯಾವ ನೀರು ಕುಡಿದಾರ, ಬೋರಿಂದೋ ಕಾಲುವೀದೋ? ಕೊಪ್ಪಳ, ರಾಯಚೂರು ಜಿಲ್ಲೆಯ ಬಾಳ ಊರಿನ ಬೋರಿನ್ಯಾಗ ಫ್ಲೋರೈಡ್ ಐತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡೀಬಾರದು. ವರ್ಷಾನುಗಟ್ಟಲೆ ಕುಡಿದ್ರ ಎಲುಬು, ಕೀಲು ಬಿಗೀತಾವ, ಬೆನ್ನು ಬಗ್ಗೂದಿಲ್ಲ. ನಮ್ಮ ಓಣ್ಯಾಗ ನಲವತ್ತಕ್ಕ ಮುದುಕರಂಗ ನಡಿಯೋರು ಅದಾರ. ಅದನ್ನ ವಯಸ್ಸು ಅಂದ್ರ ನನಗ ಭಾಳ ಸಂಕಟ ಆಗ್ತೈತಿ. ಕುದಿಸಿದ್ರ ಫ್ಲೋರೈಡ್ ಹೋಗೂದಿಲ್ಲ, ನೀರು ಆವಿಯಾಗಿ ಉಳಿದದ್ದರಾಗ ಫ್ಲೋರೈಡ್ ಇನ್ನಷ್ಟು ಹೆಚ್ಚಾಗ್ತೈತಿ. ಒಂದು ಬಾಟ್ಲಿ ನೀರು ಜಿಲ್ಲಾ ಪ್ರಯೋಗಾಲಯಕ್ಕ ಕೊಟ್ಟು ಪರೀಕ್ಷೆ ಮಾಡಸ್ರಿ, ಮನ್ಯಾಗ ಮಕ್ಕಳಿದ್ರ ಅವರ ಸಲುವಾಗಿನೂ ಬೇಕು.

ಬಳ್ಳಾರಿಯಿಂದ, ಜೀನ್ಸ್ ಹೊಲಿಗೆ ಕೆಲಸದವರು

ಅಕ್ಕ, ನಿಮ್ಮದು ನಾನು ದಾಟಿ ಬಂದಿರೋದೇ. ನಿದ್ದೆ, ಸಿಟ್ಟು, ಒಮ್ಮೆಲೇ ಮೈಯೆಲ್ಲ ಬೆಂಕಿ, ಅದರ ಮೇಲೆ ನಮ್ಮ ಬಳ್ಳಾರಿ ಬಿಸಿಲು. ಪೂರಾ 12 ತಿಂಗಳು ಮುಟ್ಟು ಬರದಿದ್ರೆ ನಿಂತಿದೆ ಅಂತ ಲೆಕ್ಕ, ಅದಕ್ಕೂ ಮುಂಚಿನ ಕೆಲವು ವರ್ಷನೇ ಹೆಚ್ಚು ಕಷ್ಟ. ಸಹಿಸ್ಕೊಂಡೇ ಇರಬೇಕು ಅಂತಿಲ್ಲ, ಚಿಕಿತ್ಸೆ ಐತೆ. ಒಂದು ಮಾತ್ರ ಮರೀಬೇಡಿ: ನಿಂತು ವರ್ಷ ಆದ ಮೇಲೆ ಒಂದು ಹನಿ ರಕ್ತ ಕಂಡ್ರೂ ತಡ ಮಾಡದೆ ತೋರಿಸಬೇಕು. ಮುಟ್ಟು ನಿಂತ ಮೇಲೆ ಎಲುಬು ಬೇಗ ಸವೆಯುತ್ತೆ, ಅದಕ್ಕೇ ಈಗಿಂದ್ಲೇ ನಡಿಗೆ, ರಾಗಿ, ಹಾಲು, ಎಳೆಬಿಸಿಲು. ಸೂಜಿಗೆ ದಾರ ಏರಿಸೋಕೆ ಆಗದೇ ಹೋದದ್ದು ಮಾತ್ರ ಬರೀ ವಯಸ್ಸು. ನಲವತ್ತರ ಮೇಲೆ ಕಣ್ಣಿನ ಮಸೂರ ಗಟ್ಟಿಯಾಗುತ್ತೆ, ಚಾಳೀಸು ಹಾಕ್ಕೊಂಡ್ರೆ ಮುಗೀತು.

ಗಂಗಾವತಿಯಿಂದ, ಮನಶ್ಶಾಸ್ತ್ರದ ನಿವೃತ್ತ ಉಪನ್ಯಾಸಕ

ಹಳೆಯ ಕಥೆಗಳನ್ನು ದಯವಿಟ್ಟು ತಡೆಯಬೇಡಿ. ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ 1963ರಲ್ಲೇ ಬರೆದರು: ಮುಪ್ಪಿನಲ್ಲಿ ಬದುಕನ್ನು ಹಿಂತಿರುಗಿ ನೋಡುವುದು ಬುದ್ಧಿ ಮಂಕಾದ ಗುರುತಲ್ಲ, ಮನಸ್ಸು ಮಾಡಲೇಬೇಕಾದ ಕೆಲಸ. ಮನಶ್ಶಾಸ್ತ್ರಜ್ಞ ಎರಿಕ್ ಎರಿಕ್ಸನ್ ಇದನ್ನೇ ಬದುಕಿನ ಎಂಟನೆಯ ಹಂತದಲ್ಲಿ ಇಟ್ಟರು. ಬಾಳಿದ್ದು ಸಾರ್ಥಕವಾಯಿತೇ ಎಂಬ ಲೆಕ್ಕ ಒಳಗೆ ನಡೆಯುತ್ತಿರುತ್ತದೆ, ಕೇಳುವವರಿಲ್ಲದಿದ್ದರೆ ಅದು ಹತಾಶೆಗೆ ತಿರುಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹೊಲಕ್ಕೆ ಬಂದಾಗ ಏನು ಮಾಡಿದಿರಿ, ಮೊದಲ ಭತ್ತ ಯಾರು ನಾಟಿ ಮಾಡಿದರು ಅಂತ ನೀವೇ ಕೇಳಿ, ಫೋನಿನಲ್ಲಿ ಧ್ವನಿ ಹಿಡಿದಿಡಿ. ಎರಿಕ್ಸನ್ ಪ್ರಕಾರ ನಿಮ್ಮ ವಯಸ್ಸಿನವರ ಹಂತ ಮುಂದಿನವರನ್ನು ಬೆಳೆಸುವುದು. ಮಕ್ಕಳು, ನೌಕರಿ, ಅಪ್ಪ ಎಲ್ಲವನ್ನೂ ಹೊತ್ತವರಿಗೆ ಸಿಟ್ಟು ಬರುವುದು ಮುಟ್ಟಿನಿಂದಷ್ಟೇ ಅಲ್ಲ. ಅಣ್ಣನ ಜೊತೆ ಕೂತು ಕೆಲಸ ಹಂಚಿಕೊಳ್ಳಿ.

ಕೇಳಿದವರು

ಎಲ್ಲರಿಗೂ ಶರಣು. ಎಲ್ಲಿಂದ ಶುರು ಮಾಡ್ಲಿ?

ರಾಯಚೂರಿನಿಂದ, ನಿವೃತ್ತ ಸ್ಟಾಫ್ ನರ್ಸ್

ಅಪ್ಪ ಊರಲ್ಲೇ ಇದ್ದರೆ ಕೊಪ್ಪಳದ ಮೆಡಿಕಲ್ ಕಾಲೇಜು ಆಸ್ಪತ್ರೆ, ನಿಮ್ಮ ಜೊತೆಯಲ್ಲೇ ಇಟ್ಟುಕೊಂಡು ತೋರಿಸುವುದಾದರೆ ಬಳ್ಳಾರಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ (ಮೊದಲಿನ ವಿಮ್ಸ್). ಒಂದೇ ದಿನ ಕಿವಿ, ಹಲ್ಲು, ಕಣ್ಣು ಮತ್ತು ಮೆಡಿಸಿನ್ ವಿಭಾಗ ಮುಗಿಸಿ. ನುಂಗುವ ಎಲ್ಲ ಮಾತ್ರೆ ಚೀಲದಲ್ಲಿ ಹಾಕಿಕೊಂಡು ಹೋಗಿ, ಪೇಟೆಯಿಂದ ತಾವೇ ತಂದ ನೋವಿನ ಗುಳಿಗೆ ಕೂಡ. ಥೈರಾಯ್ಡ್, ಬಿ12, ಸಕ್ಕರೆ, ಸೋಡಿಯಂ ನೋಡಲು ನೀವೇ ಕೇಳಿ. ಅಪ್ಪ “ಬದುಕಿ ಏನು ಮಾಡೋದು” ಅನ್ನುವಂಥ ಮಾತಾಡಿದರೆ ಕಾಯಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಹಿರಿಯರ ಸಹಾಯವಾಣಿ 14567 ಕೂಡ ಬರೆದಿಟ್ಟುಕೊಳ್ಳಿ.