ತಮಿಳು ಊರಿನಲ್ಲಿ ತೆಲುಗು ಆಟ: ಮೇಲಟ್ಟೂರಿನ ಭಾಗವತ ಮೇಳ

ಪ್ರಶ್ನೆ (ರಂಗಾಸಕ್ತ):

ತಂಜಾವೂರು ಜಿಲ್ಲೆಯ ಮೇಲಟ್ಟೂರಿನಲ್ಲಿ ನರಸಿಂಹ ಜಯಂತಿಯ ಸಂದರ್ಭದಲ್ಲಿ ನಡೆಯುವ ಭಾಗವತ ಮೇಳದ (ಹಾಡು, ಕುಣಿತ, ಮಾತುಗಳಿಂದ ಪುರಾಣಕಥೆ ಆಡುವ ರಂಗಕಲೆ) ‘ಪ್ರಹ್ಲಾದ ಚರಿತ್ರ’ವನ್ನು ವಿಡಿಯೊದಲ್ಲಿ ನೋಡಿದೆ. ಊರಿನ ಮಾತು ತಮಿಳು, ಆಟದ ಹಾಡು ಮತ್ತು ಸಂಭಾಷಣೆಗಳು ತೆಲುಗು. ಈ ಏರ್ಪಾಡು ಹೇಗೆ ಬಂದಿತು, ನೆರೆದವರು ಆಟವನ್ನು ಹೇಗೆ ಗ್ರಹಿಸುತ್ತಾರೆ, ತಮಿಳಿಗೆ ತಂದು ಆಡಿದರೆ ತಪ್ಪೇನು ಎಂಬುದನ್ನು ಬಲ್ಲವರು ವಿವರಿಸಬೇಕಾಗಿ ವಿನಂತಿ.

ಉತ್ತರ (ಇತಿಹಾಸದ ಓದುಗ):

ಇದಕ್ಕೆ ಕಾರಣ ಆಸ್ಥಾನದ ಭಾಷೆ. ವಿಜಯನಗರದ ಅಧೀನರಾಗಿ ತಂಜಾವೂರನ್ನು ಆಳಿದ ನಾಯಕರು ತೆಲುಗರಾಗಿದ್ದು, ಅವರಲ್ಲಿ ಅಚ್ಯುತಪ್ಪ ನಾಯಕನು ಭಾಗವತ ಕಲೆ ಬಲ್ಲ ಬ್ರಾಹ್ಮಣ ಕುಟುಂಬಗಳಿಗೆ ಮನೆ, ಜಮೀನು ಕೊಟ್ಟು ಈ ಊರಿನಲ್ಲಿ ನೆಲೆಗೊಳಿಸಿದನೆಂಬುದು ಅಲ್ಲಿಯ ಪರಂಪರೆ. ಹದಿನೇಳನೆಯ ಶತಮಾನದ ಕೊನೆಗೆ ಆಳ್ವಿಕೆ ಮರಾಠರ ಕೈಸೇರಿತಾದರೂ ಸಾಹಿತ್ಯದಲ್ಲಿ ತೆಲುಗಿನ ಸ್ಥಾನ ಅಲುಗಲಿಲ್ಲ. ಮನೆಮಾತು ಮರಾಠಿಯಾಗಿದ್ದ ತಂಜಾವೂರಿನ ಶಹಾಜಿ ಮಹಾರಾಜನೇ ತೆಲುಗಿನಲ್ಲಿ ಯಕ್ಷಗಾನ ಪ್ರಬಂಧಗಳನ್ನು (ಹಾಡುನಾಟಕಗಳನ್ನು) ಬರೆದನು. ಸಂಸ್ಕೃತ, ತೆಲುಗು, ತಮಿಳು, ಮರಾಠಿ, ಹಿಂದಿ ಈ ಐದೂ ಒಟ್ಟಿಗೆ ಬರುವ ‘ಪಂಚಭಾಷಾ ವಿಲಾಸ ನಾಟಕ’ವೂ ಅವನ ಹೆಸರಿನಲ್ಲಿದೆ. ಈಗ ಮೇಲಟ್ಟೂರಿನಲ್ಲಿ ಆಡುವ ಪ್ರಹ್ಲಾದ ಚರಿತ್ರವನ್ನು ರಚಿಸಿದವರು ಅದೇ ಊರಿನ ವೆಂಕಟರಾಮ ಶಾಸ್ತ್ರಿಗಳು.

ಉತ್ತರ (ಆಟ ನೋಡಿದವರು):

ಕಥೆ ಎಲ್ಲರಿಗೂ ಬಾಯಿಪಾಠವಾಗಿರುವಾಗ ಭಾಷೆ ಅಷ್ಟೇನೂ ಅಡ್ಡಿಯಾಗುವುದಿಲ್ಲ. ಮೊದಲು ಚೂಪು ಟೋಪಿ ತೊಟ್ಟ ಕೋಣಂಗಿ ಬಂದು ಕುಣಿದು ನಗಿಸುತ್ತಾನೆ. ಅನಂತರ ಆನೆಮುಖ ಧರಿಸಿದ ಬಾಲಕನೊಬ್ಬ ಗಣಪತಿಯಾಗಿ ಬರುತ್ತಾನೆ. ಬಳಿಕ ಪ್ರತಿಯೊಂದು ಪಾತ್ರಕ್ಕೂ ಪ್ರವೇಶದ ದರು, ಎಂದರೆ ಕುಣಿತಕ್ಕೆ ಹೊಂದಿಸಿದ ಹಾಡು, ಇದೆ. ನಮ್ಮ ಯಕ್ಷಗಾನದ ಒಡ್ಡೋಲಗವನ್ನು ಕಂಡವರಿಗೆ ಅದರ ಹದ ಕೂಡಲೇ ತಿಳಿಯುತ್ತದೆ. ಹಿರಣ್ಯಕಶಿಪುವಿನ ಮಡದಿ ಲೀಲಾವತಿಯ ಪಾತ್ರವನ್ನು ಗಂಡಸರೇ ಮಾಡುವುದು ವಾಡಿಕೆ, ಮತ್ತು ಮಗನಿಗಾಗಿ ಆಕೆ ಮರುಗುವ ಭಾಗವೇ, ನನ್ನ ಮಟ್ಟಿಗೆ, ಇಡೀ ರಾತ್ರಿಯ ಅತ್ಯುತ್ತಮ ಅಭಿನಯ. ನರಸಿಂಹನ ಮುಖವಾಡಕ್ಕೆ ಪೂಜೆ ಸಲ್ಲುತ್ತದೆ. ಅದನ್ನು ಧರಿಸುವವರು ಉಪವಾಸವಿರುತ್ತಾರೆ. ಬೆಳಗಿನ ಜಾವದ ಹೊತ್ತಿಗೆ ನರಸಿಂಹ ಪ್ರಕಟವಾದಾಗ ಪಾತ್ರಧಾರಿಗೆ ಆವೇಶ ಬರುವುದರಿಂದ ಜೊತೆಯವರು ಅವರನ್ನು ಹಿಂದಿನಿಂದ ಬಿಗಿಯಾಗಿ ಹಿಡಿದುಕೊಂಡಿರುತ್ತಾರೆ. ಆ ಗಳಿಗೆಯಲ್ಲಿ ಸಂಭಾಷಣೆ ಯಾವ ಭಾಷೆಯಲ್ಲಿದೆ ಎಂದು ಯಾರೂ ಕೇಳುವ ಸ್ಥಿತಿಯಲ್ಲಿರುವುದಿಲ್ಲ.

ಉತ್ತರ (ಸಂಗೀತ ಶಿಕ್ಷಕಿ):

ಮೇಲಿನ ಮಾತನ್ನು ಪೂರ್ತಿ ಒಪ್ಪಲಾರೆ. ಕಥೆ ತಿಳಿಯುವುದು ಬೇರೆ, ಸಾಹಿತ್ಯ ತಿಳಿಯುವುದು ಬೇರೆ; ಹಿರಣ್ಯಕಶಿಪುವಿಗೂ ಪ್ರಹ್ಲಾದನಿಗೂ ನಡೆಯುವ ವಾದದ ಚುರುಕು ತೆಲುಗು ಬಾರದವರಿಗೆ ದಕ್ಕುವುದಿಲ್ಲ. ತಮಿಳು ನಾಡಿನ ಸಂಗೀತ ಸಭೆಗಳಲ್ಲೇ ತಮಿಳು ಹಾಡುಗಳಿಗೆ ಕಛೇರಿಯ ಕೊನೆಯ ತುಕ್ಕಡಗಳ (ಚಿಕ್ಕ, ಲಘು ಹಾಡುಗಳ) ಜಾಗ ಮಾತ್ರ ಸಿಗುತ್ತಿದೆಯೆಂಬ ಅಸಮಾಧಾನದಿಂದಲೇ 1940ರ ದಶಕದಲ್ಲಿ ಅಣ್ಣಾಮಲೈ ಚೆಟ್ಟಿಯಾರರ ಬೆಂಬಲದೊಡನೆ ತಮಿಳಿಶೈ (ತಮಿಳು ಸಂಗೀತ) ಚಳವಳಿ ಬಲಗೊಂಡಿತು. ಆ ಬೇಡಿಕೆ ನ್ಯಾಯವಾದದ್ದೇ ಆಗಿತ್ತು. ಇದರಲ್ಲಿ ಕನ್ನಡಿಗರಿಗೂ ಪಾಲಿದೆ: ಪುರಂದರದಾಸರ ‘ಲಂಬೋದರ ಲಕುಮಿಕರ’ವನ್ನು ಮಲಹರಿ ರಾಗದಲ್ಲಿ ಕಲಿಯುವ ತಮಿಳು ಮಕ್ಕಳಿಗೆ ಅದರ ಅರ್ಥವನ್ನು ಹೇಳಿಕೊಡುವವರು ಎಷ್ಟು ಮಂದಿ?

ಆದರೂ ಮೇಲಟ್ಟೂರಿನ ಆಟವನ್ನು ತಮಿಳಿಗೆ ತಿರುಗಿಸಬೇಕೆಂದು ನನಗೆ ಅನಿಸುವುದಿಲ್ಲ. ದರುಗಳಲ್ಲಿ ಅಕ್ಷರದ ಹ್ರಸ್ವ ದೀರ್ಘಗಳು ತಾಳದ ಎಣಿಕೆಗೆ ಕಟ್ಟುಬಿದ್ದಿದ್ದು, ನಟರ ಹೆಜ್ಜೆಗಳು ಅದನ್ನೇ ಅನುಸರಿಸುತ್ತವೆ. ಪದ ಬದಲಾಯಿಸಿದರೆ ಹಾಡನ್ನೂ ಕುಣಿತವನ್ನೂ ಹೊಸದಾಗಿ ಕಟ್ಟಬೇಕಾಗುತ್ತದೆ. ಅಲ್ಲದೆ ಅದೇ ಕಾವೇರಿ ಸೀಮೆಯಲ್ಲಿ ಅರುಣಾಚಲ ಕವಿಗಳು ರಾಮಕಥೆಯನ್ನೂ ಗೋಪಾಲಕೃಷ್ಣ ಭಾರತಿಯವರು ಶಿವಭಕ್ತ ನಂದನಾರರ ಕಥೆಯನ್ನೂ ತಮಿಳಿನಲ್ಲೇ ಹಾಡುಗಬ್ಬವಾಗಿ ರಚಿಸಿದ್ದಾರೆ. ತಮಿಳು ಬೇಕೆನ್ನುವವರು ಅವನ್ನು ರಂಗಕ್ಕೆ ತರಲಿ. ಮೇಲಟ್ಟೂರಿನಲ್ಲಿ ಪ್ರತಿ ದರುವಿಗೆ ಮುನ್ನ ಅದರ ಭಾವವನ್ನು ಎರಡು ಸಾಲಿನ ತಮಿಳಿನಲ್ಲಿ ಹೇಳಿದರೆ ಸಾಕಾದೀತು.

ಮರುಪ್ರಶ್ನೆ (ರಂಗಾಸಕ್ತ):

ಎಲ್ಲರಿಗೂ ಕೃತಜ್ಞತೆಗಳು. ಊರಿನ ಯುವಕರು ಈಗ ತೆಲುಗನ್ನು ತಮಿಳು ಲಿಪಿಯಲ್ಲಿ ಬರೆದುಕೊಂಡು ಕಲಿಯುತ್ತಾರೆಯೆ, ಹಾಗಿದ್ದರೆ ಆ ಲಿಪಿಯಲ್ಲಿ ಒಂದೇ ಅಕ್ಷರವಾಗಿಬಿಡುವ ಕ, ಗಗಳ ಉಚ್ಚಾರವನ್ನು ಹೇಗೆ ತಿದ್ದುತ್ತಾರೆ ಎಂಬುದನ್ನು ಬಲ್ಲವರಿದ್ದರೆ ತಿಳಿಸಿ.