ಆಸ್ಟಿನ್ 7 ಖಾಲಿ ಬಾಡಿ ಸಿಕ್ಕಿದೆ, ಹಾಟ್ ರಾಡ್ ಮಾಡಿದವರು ಅನುಭವ ಹೇಳಿ

ಇಂಗ್ಲೆಂಡಿನ ಲೆಸ್ಟರ್‌ನಿಂದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. 1930ರ ದಶಕದ ಆಸ್ಟಿನ್ 7 ರೂಬಿ ಅನ್ನುವ ಪುಟ್ಟ ಬ್ರಿಟಿಷ್ ಕಾರಿನ ಬರೀ ಬಾಡಿ ನನ್ನ ಕೈಗೆ ಬಂದಿದೆ. ಚಾಸಿ (ಬಾಡಿ ಹೊರುವ ಕೆಳಗಿನ ಚೌಕಟ್ಟು) ಇಲ್ಲ, ಎಂಜಿನ್ ಇಲ್ಲ, ಕಾಗದಪತ್ರವೂ ಇಲ್ಲ. ಕೆಳಗಿನ ಅಂಚಿಗೆ ತುಕ್ಕು ಹಿಡಿದಿದೆ, ಆದರೆ ಬಾಗಿಲು ಎರಡೂ ಚೆನ್ನಾಗಿವೆ. ಇದನ್ನು ಹಾಟ್ ರಾಡ್ ಮಾಡಬೇಕು, ಅಂದರೆ ಹಳೆಯ ಬಾಡಿಗೆ ಜೋರಾದ ಎಂಜಿನ್ ಹಾಕಿ ಕಟ್ಟಬೇಕು ಅಂತ ಆಸೆ. ಮನಸ್ಸಲ್ಲಿರುವುದು ರೋವರ್ ವಿ8 ಎಂಜಿನ್ (ಎಂಟು ಸಿಲಿಂಡರ್ ವಿ ಆಕಾರದಲ್ಲಿ ಎರಡು ಸಾಲಾಗಿ ಇರುವಂಥದ್ದು). ನನ್ನ ಎತ್ತರ ಆರು ಅಡಿ. ಎಲ್ಲಿಂದ ಶುರು ಮಾಡಲಿ? ಮುಗಿದ ಮೇಲೆ ಮೈಸೂರಿಗೆ ತೆಗೆದುಕೊಂಡು ಹೋಗಬಹುದಾ?

ಕೊವೆಂಟ್ರಿಯಿಂದ:

ಚಾಸಿ ಇಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ, ಅದೇ ಒಳ್ಳೆಯದಾಯ್ತು. ಪೂರ್ತಿ ಕಾರು ಸಿಕ್ಕಿದ್ದರೆ ಕತ್ತರಿಸಲೇಬೇಡಿ ಅನ್ನುತ್ತಿದ್ದೆ. ಕಾಲಿನ್ ಚಾಪ್‌ಮನ್ 1948ರಲ್ಲಿ ಕಟ್ಟಿದ ಮೊದಲ ಲೋಟಸ್ ಆಸ್ಟಿನ್ 7 ಮೇಲೆಯೇ ನಿಂತದ್ದು. ಮೆಕ್‌ಲಾರೆನ್ ರೇಸ್ ತಂಡ ಕಟ್ಟಿದ ಬ್ರೂಸ್ ಮೆಕ್‌ಲಾರೆನ್ ರೇಸ್ ಕಲಿತದ್ದೂ ಆಸ್ಟಿನ್ 7 ಅಲ್ಸ್ಟರ್‌ನಲ್ಲಿ. ಇವತ್ತಿಗೂ ಅದರ ಚಾಸಿ, ಎಂಜಿನ್ ಹುಡುಕುವವರು ತುಂಬಾ ಜನ ಇದ್ದಾರೆ. ಎಲ್ಲ ಕಳೆದುಕೊಂಡು ಉಳಿದ ಬಾಡಿಗೆ ಹಾಟ್ ರಾಡ್ ಒಳ್ಳೆಯ ದಾರಿ, ಅದರಲ್ಲಿ ನನಗೆ ಅನುಮಾನ ಇಲ್ಲ.

ಎಂಜಿನ್ ವಿಚಾರ ಸ್ವಲ್ಪ ಪಕ್ಕಕ್ಕಿಡಿ. ಮೊದಲು ನೀವು ಅದರಲ್ಲಿ ಕೂತು ನೋಡಿ. ಪುಟ್ಟ ಬಾಡಿಯ ಕೆಲಸದಲ್ಲಿ ಎಲ್ಲವನ್ನೂ ತೀರ್ಮಾನಿಸುವುದು ಕೂರುವವರ ಮೈ ಅಳತೆ. ಈ ಮಾತಿಗೆ ಎಷ್ಟು ಒತ್ತು ಕೊಟ್ಟರೂ ಸಾಲದು.

ಹೀಗೆ ಮಾಡಿ. ಬಾಡಿಯನ್ನು ಮರದ ದಿಮ್ಮಿಗಳ ಮೇಲೆ ಮಟ್ಟವಾಗಿ ಇಡಿ. ಒಳಗೆ ಪ್ಲೈವುಡ್ ಹಾಸಿ. ಚಾಸಿ ಕಂಬಿ ಬರುವ ಜಾಗದಲ್ಲಿ ಅಷ್ಟೇ ಎತ್ತರದ ಮರದ ಪಟ್ಟಿ ಹಾಕಿ. ಸೀಟಿನ ಬದಲು ಎರಡು ಇಂಚಿನ ಗಟ್ಟಿ ಫೋಮ್ ಸಾಕು. ಸ್ಟೀರಿಂಗ್ ಕಾಲಂಗೆ ಪೊರಕೆ ಕೋಲು ಕಟ್ಟಿ. ಪೆಡಲ್‌ಗಳ ಜಾಗಕ್ಕೆ ಮರದ ತುಂಡು ಮೊಳೆ ಹೊಡೆದು ನಿಲ್ಲಿಸಿ. ಓಡಿಸುವಾಗ ಹಾಕುವ ಶೂ ಹಾಕಿಕೊಂಡೇ ಕೂರಿ. ಬಾಗಿಲು ಮುಚ್ಚಿ. ಮೊಣಕಾಲು ಸ್ಟೀರಿಂಗ್‌ಗೆ ತಾಗುತ್ತಾ, ತಲೆ ಛಾವಣಿಗೆ ತಾಗುತ್ತಾ, ಹೆಲ್ಮೆಟ್ ಹಾಕಿದರೆ ಏನಾಗುತ್ತೆ, ಎಲ್ಲ ನೋಡಿ. ಕಾಲನ್ನು ಬ್ರೇಕ್‌ನಿಂದ ಆಕ್ಸಿಲರೇಟರ್‌ಗೆ ಹತ್ತಾರು ಸಲ ಆಡಿಸಿ. ಅರ್ಧ ಗಂಟೆ ಹಾಗೇ ಕೂತಿರಿ, ಸೊಂಟ ಏನು ಹೇಳುತ್ತೆ ಕೇಳಿ.

ಇಲ್ಲೇ ಒಂದು ಸೂಕ್ಷ್ಮ ಇದೆ. ಎಂಜಿನ್ ಹಿಂದೆ ಸರಿದಷ್ಟೂ ಗೇರ್‌ಬಾಕ್ಸ್ ಜೊತೆಗೇ ಒಳಗೆ ಬರುತ್ತದೆ. ಗೇರ್‌ಬಾಕ್ಸಿನ ಅತಿ ಅಗಲವಾದ ಭಾಗ ಕ್ಲಚ್ ಸುತ್ತಲಿನ ಗಂಟೆಯಾಕಾರದ ಕವಚ. ಅದು ಬಂದು ಕೂರುವುದು ಸರಿಯಾಗಿ ನಿಮ್ಮ ಪಾದ ಇರಬೇಕಾದ ಜಾಗದಲ್ಲಿ. ಮೂರು ಪೆಡಲ್ ತುಳಿಯಲು ಒಂದಡಿಯಾದರೂ ಅಗಲ ಬೇಕು. ಅಷ್ಟನ್ನು ಬಿಟ್ಟು ಉಳಿದ ಅಗಲ ಎಷ್ಟೋ ಅಷ್ಟೇ ಎಂಜಿನ್‌ ಗೇರ್‌ಬಾಕ್ಸ್‌ಗೆ.

ಇದೇ ಕಾರಣಕ್ಕೆ ರೋವರ್ ವಿ8 ನಿಮಗೆ ಬೇಡ ಅನ್ನುತ್ತೇನೆ. ಎಂಜಿನ್ ಒಳ್ಳೆಯದೇ, ಅಲ್ಯೂಮಿನಿಯಂದು, ಗಾತ್ರಕ್ಕೆ ಹಗುರ. ತೊಂದರೆ ಅಗಲದ್ದು. ಎರಡೂ ಕಡೆ ಎಗ್ಸಾಸ್ಟ್ ಕೊಳವೆ ಇಳಿಯಬೇಕು, ಅದರ ನಡುವೆಯೇ ಸ್ಟೀರಿಂಗ್ ಕಾಲಂ ದಾಟಬೇಕು. ಆ ಪುಟ್ಟ ಮೂತಿಯಲ್ಲಿ ಜಾಗ ಎಲ್ಲಿದೆ? ಜಾಗ ಮಾಡಲು ಫೈರ್‌ವಾಲ್ (ಎಂಜಿನ್‌ಗೂ ಕೂರುವವರಿಗೂ ನಡುವಿನ ತಗಡು) ಕತ್ತರಿಸಿದರೆ ಎಂಜಿನ್ ನಿಮ್ಮ ತೊಡೆ ಮೇಲೆ ಬರುತ್ತದೆ. ನೀವು ಆರು ಅಡಿ ಬೇರೆ.

ಸಾಲಾಗಿ ನಾಲ್ಕು ಸಿಲಿಂಡರ್ ಇರುವ ಎಂಜಿನ್ ನೋಡಿ. ಮಜ್ದಾ ಎಂಎಕ್ಸ್-5 ಕಾರಿನ 1.6 ಲೀಟರ್ ಎಂಜಿನ್ ಗೇರ್‌ಬಾಕ್ಸ್ ಸಮೇತ ಸಿಗುತ್ತದೆ. ಸುಜುಕಿ 1.3 ಇನ್ನೂ ಸಣ್ಣದು. ನಮ್ಮ ಗೆಳೆಯರೊಬ್ಬರು ರಿಲಯಂಟ್ ಕಾರಿನ 848 ಸಿಸಿ ಅಲ್ಯೂಮಿನಿಯಂ ಎಂಜಿನ್ ಹಾಕಿ ಬಹಳ ಖುಷಿಯಾಗಿದ್ದಾರೆ. ಲೆಕ್ಕ ಹಾಕಿ ನೋಡಿ: ಕಾರಿನ ತೂಕ 600 ಕೆಜಿ, ಎಂಜಿನ್ 100 ಅಶ್ವಶಕ್ತಿ ಅಂದುಕೊಂಡರೆ ಟನ್ನಿಗೆ ಸುಮಾರು 167 ಆಯ್ತು. ರೂಬಿಯ ಮೂಲ 747 ಸಿಸಿ ಎಂಜಿನ್ ಕೊಡುತ್ತಿದ್ದದ್ದು ಒಟ್ಟು 20 ಅಶ್ವಶಕ್ತಿಗೂ ಕಡಿಮೆ. ಐದು ಪಟ್ಟು ಜಾಸ್ತಿ ಸಾಲದಾ?

ಇನ್ನು ಬಾಡಿ. ನೆಲದ ತಗಡು ಕತ್ತರಿಸುವ ಮೊದಲು ಒಳಗೆ ಚೌಕ ಪೈಪ್ ವೆಲ್ಡ್ ಮಾಡಿ ಬಿಗಿ ಮಾಡಿ. ಬಾಗಿಲಿನ ಎರಡು ಕಂಬಗಳ ನಡುವೆ ಒಂದು, ಎಡದಿಂದ ಬಲಕ್ಕೆ ಒಂದು, ಅಡ್ಡಡ್ಡ ಗುಣಿಸು ಚಿಹ್ನೆಯಂತೆ ಎರಡು. ಬಾಗಿಲು ಹಾಕಿಕೊಂಡೇ ಈ ಕೆಲಸ ಮಾಡಬೇಕು. ತುಕ್ಕು ಹಿಡಿದ ಅಂಚು ತೆಗೆದ ಕೂಡಲೇ ಬಾಡಿ ತೆರೆದುಕೊಳ್ಳುತ್ತದೆ. ಆಮೇಲೆ ಬಾಗಿಲು ಎಷ್ಟು ಒದ್ದಾಡಿದರೂ ಕೂರಲ್ಲ.

ಚಾಸಿಗೆ 75 x 50 ಮಿ.ಮೀ., 3 ಮಿ.ಮೀ. ದಪ್ಪದ ಬಾಕ್ಸ್ ಪೈಪ್ ಈ ತೂಕಕ್ಕೆ ಸಾಕು. ಮಟ್ಟವಾದ ಮೇಜಿನ ಮೇಲೆ ಕಟ್ಟಿ. ಮೂಲೆಯಿಂದ ಮೂಲೆಗೆ ಅಳೆದರೆ ಎರಡೂ ಅಳತೆ ಒಂದೇ ಬರಬೇಕು. ಮೊದಲು ಚುಕ್ಕಿ ವೆಲ್ಡ್ ಮಾತ್ರ ಹಾಕಿ, ಬಾಡಿ ಕೂರಿಸಿ, ಎಂಜಿನ್ ಕೂರಿಸಿ, ನೀವೂ ಕೂರಿ. ಎಲ್ಲ ಸರಿ ಅನಿಸಿದ ಮೇಲೆ ಬಾಡಿ ಎತ್ತಿ ಪೂರ್ತಿ ವೆಲ್ಡ್ ಮಾಡಿ. ಒಂದು ಕಡೆ ಸ್ವಲ್ಪ, ಇನ್ನೊಂದು ಕಡೆ ಸ್ವಲ್ಪ ಮಾಡುತ್ತಾ ಹೋದರೆ ಚಾಸಿ ಸೊಟ್ಟಗಾಗಲ್ಲ.

ಹಿಂದಿನ ಆಕ್ಸೆಲ್ ಯಾವುದು ಹಾಕಿದರೂ ಬಹುಶಃ ಕಿರಿದು ಮಾಡಬೇಕಾಗುತ್ತದೆ. ಹೊರ ಕೊಳವೆ ಕತ್ತರಿಸಿ ವೆಲ್ಡ್ ಮಾಡಬಹುದು. ಒಳಗೆ ಚಕ್ರ ತಿರುಗಿಸುವ ಹಾಫ್ ಶಾಫ್ಟ್ ಮಾತ್ರ ಯಾವ ಕಾರಣಕ್ಕೂ ವೆಲ್ಡ್ ಮಾಡಬೇಡಿ. ಮೆಷಿನ್ ಶಾಪ್‌ನಲ್ಲಿ ಗಿಡ್ಡ ಮಾಡಿಸಿ ಹೊಸದಾಗಿ ಹಲ್ಲು ಕೊರೆಸಿ, ಇಲ್ಲವೇ ಹೊಸದೇ ಮಾಡಿಸಿ. ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸೆಲ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಬಹಳ ಗಿಡ್ಡ ಬರುತ್ತದೆ. ಗೇರ್‌ಬಾಕ್ಸಿನ ತುದಿ, ಡಿಫರೆನ್ಷಿಯಲ್ (ಹಿಂದಿನ ಆಕ್ಸೆಲ್ ನಡುವಿನ ಗೇರ್ ಪೆಟ್ಟಿಗೆ) ತುದಿ ಎರಡೂ ಸಮಾನಾಂತರ ಇರಲಿ, ಜಾಯಿಂಟ್ ಕೋನ 3 ಡಿಗ್ರಿ ಆಸುಪಾಸು ಇರಲಿ. ಇಲ್ಲದಿದ್ದರೆ ಸ್ಪೀಡ್ ಏರಿದಂತೆ ಇಡೀ ಕಾರು ನಡುಗುತ್ತದೆ.

ಬ್ರೇಕ್ ಬಗ್ಗೆ ಒಂದೇ ಮಾತು. ಜಾಗ ಇಲ್ಲದೆ, ಪೆಡಲ್ ತುಳಿದಾಗ ಬ್ರೇಕ್ ಆಯಿಲ್ ಒತ್ತುವ ಮಾಸ್ಟರ್ ಸಿಲಿಂಡರನ್ನು ನೆಲದ ಕೆಳಗೆ ಹಾಕುತ್ತೀರಿ. ಅದು ಚಕ್ರದ ಕ್ಯಾಲಿಪರ್‌ಗಿಂತ (ಬ್ರೇಕ್ ಡಿಸ್ಕ್ ಹಿಡಿಯುವ ಭಾಗ) ಕೆಳಗಿದ್ದರೆ ಬ್ರೇಕ್ ಆಯಿಲ್ ಹಿಂದಕ್ಕೆ ಹರಿದು ಪೆಡಲ್ ಆಳಕ್ಕೆ ಹೋಗುತ್ತದೆ. ಪೈಪಿನಲ್ಲಿ ಒತ್ತಡ ಹಿಡಿದಿಡುವ ವಾಲ್ವ್ ಹಾಕಲೇಬೇಕು: ಡಿಸ್ಕ್‌ಗೆ 2 ಪಿಎಸ್‌ಐ, ಡ್ರಮ್‌ಗೆ 10 ಪಿಎಸ್‌ಐ. ಮುಂದೆ ಹಿಂದೆ ಬೇರೆ ಬೇರೆ ಸರ್ಕ್ಯೂಟ್ ಇರುವ ಸಿಲಿಂಡರನ್ನೇ ತಗೊಳ್ಳಿ.

ಬ್ರಿಸ್ಟಲ್‌ನಿಂದ:

ಮೇಲಿನವರು ಹೇಳಿದ್ದೆಲ್ಲ ಸರಿ. ನಾನು ಕಾಗದದ ವಿಷಯ ಸೇರಿಸುತ್ತೇನೆ. ಇಲ್ಲಿ ಡಿವಿಎಲ್‌ಎ (ಬ್ರಿಟನ್ನಿನ ವಾಹನ ನೋಂದಣಿ ಸಂಸ್ಥೆ) ವರ್ಷಗಟ್ಟಲೆ ಬಳಸಿದ ಅಂಕಗಳ ಪಟ್ಟಿ ಹೀಗಿತ್ತು: ಚಾಸಿಗೆ 5, ಸಸ್ಪೆನ್ಷನ್, ಆಕ್ಸೆಲ್, ಗೇರ್‌ಬಾಕ್ಸ್, ಸ್ಟೀರಿಂಗ್‌ಗೆ ತಲಾ 2, ಎಂಜಿನ್‌ಗೆ 1. ಹಳೆಯ ನಂಬರ್ ಉಳಿಯಲು 8 ಬೇಕಿತ್ತು. ಬಾಡಿಗೆ ಅಂಕವೇ ಇರಲಿಲ್ಲ ನೋಡಿ. 2025ರಲ್ಲಿ ನಿಯಮ ಪರಿಷ್ಕರಣೆ ಆಗಿದೆ, ಶುರು ಮಾಡುವ ಮೊದಲು ಈಗಿನದನ್ನು ಓದಿಕೊಳ್ಳಿ. ಆದರೂ ಬರೀ ಬಾಡಿ ಹಿಡಿದು 1930ರ ದಶಕದ ನಂಬರ್ ಕೇಳುವ ಯೋಚನೆ ಬಿಡಿ. ಐವಿಎ ಪರೀಕ್ಷೆ (ಬಿಡಿ ವಾಹನದ ಸುರಕ್ಷತೆ ತಪಾಸಣೆ), ಕ್ಯೂ ಪ್ಲೇಟ್ (ವಯಸ್ಸು, ಮೂಲ ಖಚಿತವಿಲ್ಲದ ವಾಹನಕ್ಕೆ ಕೊಡುವ ನಂಬರ್) ಅಂದುಕೊಂಡೇ ಕಟ್ಟಿ. ಆ ಪರೀಕ್ಷೆಯಲ್ಲಿ ಚೂಪು ಅಂಚು, ಚಕ್ರದ ಮೇಲಿನ ಮಡ್‌ಗಾರ್ಡ್, ಢಿಕ್ಕಿಯಾದರೆ ಕುಸಿಯುವ ಸ್ಟೀರಿಂಗ್ ಕಾಲಂ ಎಲ್ಲ ನೋಡುತ್ತಾರೆ. ಕಾರು ಮುಗಿಸಿ ಬಣ್ಣ ಹೊಡೆದ ಮೇಲೆ ಇವನ್ನು ಸೇರಿಸುವುದು ದೊಡ್ಡ ಹಿಂಸೆ. ಕೆಲಸದ ಫೋಟೊ, ಬಿಡಿಭಾಗಗಳ ರಸೀದಿ ಒಂದೂ ಬಿಡದೆ ಇಟ್ಟುಕೊಳ್ಳಿ.

ಮಿಶಿಗನ್‌ನಿಂದ:

ಇಲ್ಲಿ ಪುಟ್ಟ ಬಾಡಿ ಹಾಟ್ ರಾಡ್ ಅಂದರೆ ಜನ ನೆನೆಯುವುದು ಇಟಲಿಯ ಪುಟ್ಟ ಕಾರು ಫಿಯೆಟ್ ಟೊಪೊಲಿನೊ ಮತ್ತು ಇಲ್ಲಿನ ಬ್ಯಾಂಟಮ್. ಬ್ಯಾಂಟಮ್ ನಿಮ್ಮ ಆಸ್ಟಿನ್‌ನ ಸಂಬಂಧಿಯೇ. ಪೆನ್ಸಿಲ್ವೇನಿಯಾದ ಬಟ್ಲರ್‌ನಲ್ಲಿ 1930ರಲ್ಲಿ ಅಮೆರಿಕನ್ ಆಸ್ಟಿನ್ ಹೆಸರಲ್ಲಿ ಶುರುವಾದ ಕಾರು. 1940ರಲ್ಲಿ ಜೀಪ್‌ನ ಮೊದಲ ಮಾದರಿ ಮಾಡಿಕೊಟ್ಟದ್ದೂ ಅದೇ ಕಂಪನಿ. ಡ್ರ್ಯಾಗ್ ರೇಸಿನವರು ಈ ಬಾಡಿಗಳನ್ನು ಹುಡುಕಿ ತಂದದ್ದು ಹಗುರ ಅಂತ. ಟೊಪೊಲಿನೊ ಮೂಲ ಎಂಜಿನ್ 569 ಸಿಸಿ, ಅದರೊಳಗೆ ಸೂಪರ್‌ಚಾರ್ಜ್ ಮಾಡಿದ ವಿ8 ಇಟ್ಟರು. ನೇರ ಓಡಬೇಕಾದ ಪಟ್ಟಿಯಲ್ಲಿ ಅಡ್ಡಾದಿಡ್ಡಿ ಹೋಗುವುದಕ್ಕೇ ಆ ಕಾರುಗಳು ಹೆಸರಾದವು. ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ) ಗಿಡ್ಡ, ಶಕ್ತಿ ವಿಪರೀತ, ಇನ್ನೇನಾಗುತ್ತೆ?

ನಿಮ್ಮ ರೂಬಿಯ ವೀಲ್‌ಬೇಸ್ 81 ಇಂಚು. ಮುಂದಿನ ಆಕ್ಸೆಲನ್ನು ರೇಡಿಯೇಟರ್‌ಗಿಂತ ಮುಂದೆ ತಳ್ಳಿ. ನಾಲ್ಕೈದು ಇಂಚು ಸಿಕ್ಕಿದರೂ ರಸ್ತೆಯಲ್ಲಿ ಬಹಳ ವ್ಯತ್ಯಾಸ ಗೊತ್ತಾಗುತ್ತೆ, ನೋಡಲೂ ಚೆಂದ. ಮತ್ತೆ ಛಾವಣಿ ಕತ್ತರಿಸಿ ತಗ್ಗಿಸುವ ಆಸೆ ಎಲ್ಲರಿಗೂ ಬರುತ್ತೆ. ಆರು ಅಡಿಯವರು ಅದನ್ನು ಮಾಡಬೇಡಿ. ಪುಟ್ಟ ಕಾರಿಗೆ ಎತ್ತರದ ಛಾವಣಿಯೇ ಲಕ್ಷಣ.

ಲೆಸ್ಟರ್‌ನಿಂದ:

ಎಲ್ಲರಿಗೂ ತುಂಬಾ ಧನ್ಯವಾದ. ವಿ8 ಬಿಡೋಕೆ ಮನಸ್ಸು ಬರುತ್ತಿಲ್ಲ, ಆದರೆ ಪ್ಲೈವುಡ್ ಹಾಕಿ ನೋಡಿಯೇ ತೀರ್ಮಾನ ಮಾಡುತ್ತೇನೆ. ಮೈಸೂರಿನ ಬಗ್ಗೆ ಯಾರಿಗಾದರೂ ಗೊತ್ತಾ?

ಕೊವೆಂಟ್ರಿಯಿಂದ:

ಊರಿಗೆ ಒಯ್ಯುವ ಯೋಚನೆ ಇಟ್ಟುಕೊಂಡು ಈ ಕಾರು ಕಟ್ಟಬೇಡಿ. ಭಾರತದಲ್ಲಿ 2021ರಲ್ಲಿ ವಿಂಟೇಜ್ ವಾಹನಗಳಿಗೇ ಬೇರೆ ನೋಂದಣಿ ನಿಯಮ ಬಂತು. 50 ವರ್ಷ ದಾಟಿರಬೇಕು ಅನ್ನುವುದು ಒಂದು ಷರತ್ತು. ಚಾಸಿ, ಬಾಡಿ, ಎಂಜಿನ್ ಹೆಚ್ಚು ಬದಲಾಗಿರಬಾರದು ಅನ್ನುವುದು ಇನ್ನೊಂದು. ನಿಮ್ಮದರಲ್ಲಿ ಬಾಡಿ ಬಿಟ್ಟರೆ ಎಲ್ಲವೂ ಹೊಸದು. ಸಾಮಾನ್ಯ ಕಾರು ಅಂತ ಹೋದರೂ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತೆ. ತಯಾರಕರು ಕೊಟ್ಟ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ.

ಈ ವಾರ ಬಾಡಿಯೊಳಗೆ ಕೂತು ಮೂರು ಅಳತೆ ತೆಗೆದು ಕಳಿಸಿ. ಪೆಡಲ್ ಹತ್ತಿರ ಒಳಗಿನ ಅಗಲ, ಸೀಟಿನಿಂದ ಛಾವಣಿಗೆ ಎತ್ತರ, ಬೆನ್ನಿನಿಂದ ಪಾದದವರೆಗಿನ ಉದ್ದ. ಎಂಎಕ್ಸ್-5 ಗೇರ್‌ಬಾಕ್ಸ್ ಒಂದು ನನ್ನ ಗ್ಯಾರೇಜಿನಲ್ಲಿ ಸುಮ್ನೆ ಬಿದ್ದಿದೆ. ಬಂದು ತಗೊಂಡು ಹೋಗಿ, ಪ್ಲೈವುಡ್ ಮೇಲೆ ಇಟ್ಟು ನೋಡಿ, ಆಮೇಲೆ ವಾಪಸ್ ಕೊಟ್ಟರಾಯ್ತು.